ಮುಂಬೈ ನೋಡಿ ಬಂದ ಗಂಟುಗಳು

ಬಸ್ಸಿನಲ್ಲಿ ಸಾಮಾನು ಮರೆತು ಇಳಿಯುವುದರಲ್ಲಿ ನಮ್ಮ ಮನೆತನದವರದು ಎತ್ತಿದ ಕೈ. ಅಪ್ಪ ಒಮ್ಮೆ ಯರಗಟ್ಟಿಯಲ್ಲಿ ಚಹಾ ಕುಡಿಯಲೆಂದು ಇಳಿದರು. ಅವರು ಚಹಾ ಮುಗಿಸಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಅವರ ಹೊಸ ಧೋತರದ ಗಂಟು ಒಂಟಿಯಾಗಿ ರಾಮದುರ್ಗದ ಹಾದಿ ಹಿಡಿದಿತ್ತು. ನಮ್ಮ ಕಾಕಾನ ಛತ್ರಿಗಳಂತೂ ಬೆಳಗಾವಿ ಜಿಲ್ಲೆಯ ಯಾವ ಬಸ್ ಡಿಪೋದಲ್ಲಿ ಹುಡುಕಿದರೂ ಒಂದಾದರೂ ಸಿಕ್ಕೀತು. ಆದರೆ ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ, ಇಡೀ ಜೀವಮಾನದಲ್ಲಿ ಒಂದು ಕರವಸ್ತ್ರವನ್ನೂ ಬಸ್ಸಿನಲ್ಲಿ ಮರೆತವಳಲ್ಲ. ಮರೆಯಬೇಕೆಂದರೆ ಮೊದಲು ಒಯ್ಯಬೇಕಲ್ಲ!

ಅತ್ತಿ ಮುರಗೋಡದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಳು. ಮದುವೆಯಾಗಿ ಹೋದದ್ದು ರಾಮದುರ್ಗಕ್ಕೆ. ಗಂಡ ಬೇಗ ತೀರಿಕೊಂಡ ಮೇಲೆ ಬೈಲಹೊಂಗಲಕ್ಕೆ, ತಮ್ಮನ ಮನೆಗೆ ಬಂದುಬಿಟ್ಟಳು. ಆಮೇಲೆ ನೌಕರಿ ಸಿಕ್ಕಿತು. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದಳು. ಬುತ್ತಿ ಕೂಡ ಒಯ್ಯುತ್ತಿರಲಿಲ್ಲ. ಊಟಕ್ಕೆ ಏನು ಮಾಡುತ್ತಾಳೆ ಎಂದು ಅವ್ವನಿಗೆ ಚಿಂತೆ. ವಿಚಾರಿಸಿದರೆ, ಮುರಗೋಡದ ಪ್ರತಿ ಓಣಿಯಲ್ಲೂ ಈಕೆಗಾಗಿ ಒಂದು ಹೆಚ್ಚಿನ ರೊಟ್ಟಿ ಬಡಿಯುವ ಮನೆ ಇತ್ತು!

ದೂರದ ಊರಿಗೆ ಹೊರಟಾಗ ಮಾತ್ರ ಆಕೆಯ ಹೆಗಲಿಗೆ ಒಂದು ಅರಿವೆಯ ಚೀಲ ಬರುತ್ತಿತ್ತು. ತಲೆದಿಂಬಿನ ಹಳೆಯ ಚೀಲಕ್ಕೆ ಹಿಡಿಕೆ ಹಚ್ಚಿ ಆಕೆಯೇ ಹೊಲಿದದ್ದು. ಒಳಗೆ ಒಂದು ಸೀರೆ, ಒಂದು ಕುಪ್ಪಸ, ವಿಭೂತಿಯ ಗಟ್ಟಿ. ಮುಗಿಯಿತು. ಮದುವೆ ಮನೆಗೆ ಹೋದರೂ ಅಷ್ಟೇ, ಸಾವಿನ ಮನೆಗೆ ಹೋದರೂ ಅಷ್ಟೇ.

ಕಿತ್ತೂರಿನಲ್ಲಿ ನಮ್ಮ ಚಿಗವ್ವ ಇದ್ದಾಳೆ, ಅವ್ವನ ತಂಗಿ. ಅತ್ತಿ ಬರುತ್ತಾಳೆಂದು ಸುದ್ದಿ ತಲುಪಿದರೆ ಆ ಮನೆಯಲ್ಲಿ ಮೊದಲು ಒಂದು ಟವೆಲ್ಲು, ಒಂದು ಹಣಿಗೆ, ಒಂದು ಹಾಸಿಗೆ ಹೊರಗೆ ಬರುತ್ತಿದ್ದವು. ಒಮ್ಮೆ ಚಿಗವ್ವ ತಡೆಯಲಾರದೆ ಕೇಳಿಯೇ ಬಿಟ್ಟಳು: “ಅಕ್ಕಾರ, ಒಂದು ಟಾವೆಲ್ಲರೆ ತರಬಾರದೇನ್ರಿ?”

ಅತ್ತಿ ಕಣ್ಣರಳಿಸಿ, “ಯಾಕವಾ? ನಿಮ್ಮ ಮನ್ಯಾಗ ಯಾರೂ ಮೈ ಒರಿಸ್ಕೊಳ್ಳಾಂಗಿಲ್ಲೇನ?” ಎಂದಳು.

ಚಿಗವ್ವ ಟವೆಲ್ಲು ತಂದು ಕೈಗೆ ಕೊಟ್ಟಳು. ಇನ್ನೊಮ್ಮೆ ಅದೇ ಕಿತ್ತೂರಿನಿಂದ, “ದೇಗಾಂವದ ಗುಡಿ ನೋಡಿ ಸಂಜೀಕ ಬರ್ತೇನಿ” ಎಂದು ಹೋದವಳು ಸಂಜೆಗೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಗುಡಿಯಲ್ಲಿ ಯಾವುದೋ ಊರಿನ ಶಿಕ್ಷಕಿಯರ ಪ್ರವಾಸದ ಬಸ್ಸು ಸಿಕ್ಕಿತಂತೆ. ಮಾತಿಗೆ ಮಾತು ಬೆಳೆದು, ಅವರ ಜೊತೆ ಗೋವಾ ನೋಡಿಕೊಂಡು ಬಂದಿದ್ದಳು! ಅಪ್ಪ ಕೆಂಡಾಮಂಡಲ.

“ಹೇಳಿ ಹೋಗಬೇಕೋ ಬ್ಯಾಡೋ ಅಕ್ಕಾ?”

“ಹೇಳಾಕ ಮನೀಗೆ ಬರಬೇಕಾಗಿತ್ತು. ಬಂದಿದ್ರ ನೀ ಒಂದು ಚೀಲಾ ತುಂಬಿ ಕೊಡ್ತಿದ್ದಿ.”

ಹಾಗೆಂದು ಅತ್ತಿ ಜಿಪುಣಿ ಎಂದಾಗಲಿ, ಮಂದಿಯ ಸಾಮಾನಿನ ಮೇಲೆ ಬದುಕುವವಳು ಎಂದಾಗಲಿ ತಿಳಿದರೆ ತಪ್ಪಾದೀತು. ನಮ್ಮ ಮನೆಗೆ ಯಾರಾದರೂ ಪೆಟ್ಟಿಗೆ ಹೊತ್ತು ಬಂದರೆ ಆಕೆಗೆ ನಿಜವಾಗಿ ಬೇಸರವಾಗುತ್ತಿತ್ತು. “ಇಷ್ಟ್ಯಾಕ ಹೊತ್ಕೊಂಡು ಬಂದ್ರಿ? ನಾವೇನು ಸತ್ತೀವೇನ?” ಎಂದು ಬಾಗಿಲಲ್ಲೇ ಬೈಯುತ್ತಿದ್ದಳು. ಆಕೆಯ ಕಪಾಟಿಗೆ ಕೀಲಿ ಇರಲಿಲ್ಲ. ಬಂದವರು ಆಕೆಯ ಸೀರೆ ಉಟ್ಟುಕೊಂಡು ಊರಿಗೆ ಹೋದದ್ದೂ ಉಂಟು, ತಿರುಗಿ ಕಳಿಸದೆ ಇದ್ದದ್ದೂ ಉಂಟು. ಆಕೆ ಕೇಳಿದವಳಲ್ಲ.

ಇಂಥ ಅತ್ತಿಯನ್ನು ನಾವೆಲ್ಲ ನಕ್ಕು ಸಹಿಸಿಕೊಂಡಿದ್ದೆವು. ನಗು ನಿಂತದ್ದು ನನ್ನ ಸರದಿ ಬಂದಾಗ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನನ್ನು ಸವದತ್ತಿಗೆ ಕೊಟ್ಟಿದ್ದರು. ನಮ್ಮ ಮನೆಯವರಿಗೆ ಮಸ್ಕತ್‌ನ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್ ಕೆಲಸ. ಮದುವೆಯಾಗಿ ಅಲ್ಲಿಗೆ ಹೋದ ಮರುವರ್ಷವೇ ಇತ್ತ ಅವ್ವ ತೀರಿಕೊಂಡಳು. ನನಗೆ ಮಣ್ಣಿಗೆ ಬರಲಾಗಲಿಲ್ಲ. ಮುಖ ನೋಡದೆ ಉಳಿದ ಆ ದುಃಖ ಹೊಟ್ಟೆಯಲ್ಲಿದ್ದಾಗಲೇ ಕೂಸೂ ಹೊಟ್ಟೆಗೆ ಬಂತು. ಬಾಣಂತನ ಮಾಡುವವರು ಯಾರು? ಸವದತ್ತಿಯ ನಮ್ಮತ್ತೆಗೆ, ಅಂದರೆ ಗಂಡನ ತಾಯಿಗೆ, ಮೊಣಕಾಲು ನೋವು. ವಿಮಾನವಿರಲಿ, ಅಟ್ಟವನ್ನೂ ಏರಲಾರರು. ಕೊನೆಗೆ ಅಪ್ಪ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಅಂಗಡಿಯಿಂದ ಫೋನು ಮಾಡಿ ಹೇಳಿದರು: “ಅಕ್ಕ ಬರ್ತಾಳ. ಪಾಸ್‌ಪೋರ್ಟ್ ಮಾಡಸಾಕತ್ತೇನಿ.”

ನನಗೆ ಮೊದಲು ಸಂತೋಷವಾಯಿತು. ಮರುಗಳಿಗೆ ಆಕೆಯ ಅರಿವೆ ಚೀಲ ನೆನಪಾಯಿತು. ಬಾಣಂತನಕ್ಕೆ ಬರುವವರು ಏನೆಲ್ಲ ತರುತ್ತಾರೆ! ನಾನು ಅಪ್ಪನಿಗೆ ಒಂದೊಂದೇ ಹೇಳಿದೆ. ಜೋಳದ ಹಿಟ್ಟು, ಕೆಂಪು ಖಾರ, ಅಗಸಿ ಹಿಂಡಿ, ಶಾವಿಗೆ, ಉಂಡಿಗೆ ಬೇಕಾದ ಅಂಟು. ಕೊನೆಗೆ “ಅವ್ವನ ಕೌದಿ” ಎಂದೆ. ಹಳೆಯ ಸೀರೆಗಳ ತುಂಡು ಜೋಡಿಸಿ ಅವ್ವ ತಾನೇ ಹೊಲಿದ ಹೊದಿಕೆ ಅದು. ನನ್ನ ಕೂಸನ್ನು ಅದರಲ್ಲೇ ಮಲಗಿಸಬೇಕೆಂದು ನನಗೆ ಆಸೆ. ಅಪ್ಪ ಆ ಮಾತಿಗೆ ಏನೂ ಹೇಳಲಿಲ್ಲ. ಲೈನು ಸರಿಯಿಲ್ಲವೆಂದುಕೊಂಡೆ.

ಸುದ್ದಿ ಹಬ್ಬಿದ ಮೇಲೆ ನಮ್ಮ ಪಡಸಾಲೆ ಕಿರಾಣಿ ಅಂಗಡಿಯಾಯಿತಂತೆ. ಸವದತ್ತಿಯಿಂದ ತುಪ್ಪ, ಕಿತ್ತೂರಿನಿಂದ ಉಂಡಿಯ ಡಬ್ಬಿ, ಓಣಿಯ ಪ್ರತಿ ಮನೆಯಿಂದ ಒಂದೊಂದು ಪೊಟ್ಟಣ. ಅಪ್ಪ ಎಲ್ಲವನ್ನೂ ಎರಡು ದೊಡ್ಡ ಗಂಟು ಮಾಡಿ, ಹಗ್ಗ ಬಿಗಿದು, ಮೇಲೆ ಕೆಂಪು ಬಣ್ಣದಲ್ಲಿ ಮಸ್ಕತ್ ಎಂದು ಬರೆದರು. ಅತ್ತಿ ಮಂಚದ ಮೇಲೆ ಕೂತು ಎಲ್ಲ ನೋಡಿದಳಂತೆ. ಒಂದು ಮಾತಾಡಲಿಲ್ಲವಂತೆ. ಅಪ್ಪ ಆಗಲೇ ಸಂಶಯಪಡಬೇಕಿತ್ತು!

ಬೈಲಹೊಂಗಲದಿಂದ ಬೆಳಗಾವಿ, ಬೆಳಗಾವಿಯಿಂದ ಮುಂಬೈ. ಗಂಟುಗಳನ್ನು ಅಪ್ಪನೇ ಹೊತ್ತರು. ವಿಮಾನ ನಿಲ್ದಾಣದ ಬಾಗಿಲಿಗೆ ಬಂದ ಮೇಲೆ, ಇನ್ನು ಮುಂದೆ ಪ್ರಯಾಣಿಕರು ಮಾತ್ರ ಎಂದು ಪೊಲೀಸ ತಡೆದಾಗ, ಅತ್ತಿ ತನ್ನ ಅರಿವೆ ಚೀಲವನ್ನು ಹೆಗಲಿಗೇರಿಸಿ ತಿರುಗಿ ನಿಂತಳು.

“ತಮ್ಮಾ, ಇವು ನಿನ್ನ ಜೋಡಿ ಬಂದಾವ. ನಿನ್ನ ಜೋಡೀನ ಹೋಗ್ಲಿ.”

“ಅಕ್ಕಾ! ಬಸರಿ ಹುಡುಗಿ ಆಸೆಪಟ್ಟು ಕೇಳ್ಯಾಳ. ಗಾಡಿ ಮ್ಯಾಲೆ ಇಟ್ಟು ದಬ್ಬಿದ್ರಾತು, ನೀ ಹೊರೂ ಹಂಗೇ ಇಲ್ಲ.”

“ಕೂಸು ಎತ್ಕೊಳ್ಳಾಕ ಹೊಂಟಾಕಿಗೆ ಕೈ ಖಾಲಿ ಇರಬೇಕೋ. ಅಲ್ಲೇನು ಮಂದಿ ಇಲ್ಲೇನ? ಮಂದಿ ಇದ್ದಲ್ಲೆ ಎಲ್ಲಾ ಇರ್ತೈತಿ.”

ಹೇಳಿದವಳೇ ಒಳಗೆ ನಡೆದುಬಿಟ್ಟಳು. ಅಪ್ಪ ಕೂಗಿದರು, ಕೈ ಬೀಸಿದರು, ಪೊಲೀಸನನ್ನು ಬೇಡಿಕೊಂಡರು. ಆಮೇಲೆ ಅದೇ ಎರಡು ಗಂಟುಗಳನ್ನು ಹೊತ್ತು ಅದೇ ದಾರಿಯಲ್ಲಿ ಊರಿಗೆ ಬಂದರು. ನಮ್ಮ ಓಣಿಯಲ್ಲಿ ಮುಂಬೈ ನೋಡದ ಮನುಷ್ಯರು ಎಷ್ಟೋ ಜನ. ನಮ್ಮ ಮನೆಯ ಜೋಳದ ಹಿಟ್ಟು ಮಾತ್ರ ಮುಂಬೈ ನೋಡಿಕೊಂಡು ಬಂತು! ಒಂದು ವಿಶೇಷವೆಂದರೆ, ಆ ಸಲ ಅಪ್ಪ ಬಸ್ಸಿನಲ್ಲಿ ಏನನ್ನೂ ಮರೆಯಲಿಲ್ಲ.

ಒಳಗೆ ತಪಾಸಣೆಯಲ್ಲಿ ಅತ್ತಿಯ ಮೇಲೆ ಯಂತ್ರ ಹಿಡಿದ ಕೂಡಲೇ ಅದು ಕುಂಯ್ ಎಂದಿತಂತೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತೆಗೆದು ತೋರಿಸಿ ಎಂದು ಅಲ್ಲಿದ್ದ ಮರಾಠಿ ಹೆಣ್ಣುಮಗಳು ಕೇಳಿದಳು. “ತೋರಸ್ತೇನಿ. ಆದ್ರ ನೀ ಜಳಕಾ ಮಾಡೀಯೇನು, ಮೊದಲ ಅದನ್ನ ಹೇಳು” ಎಂದಳಂತೆ ಅತ್ತಿ, ತನಗೆ ಬಂದಷ್ಟು ಮರಾಠಿಯಲ್ಲಿ. ಆಕೆ ನಕ್ಕು, ಕೈ ಮುಗಿದು ಬಿಟ್ಟುಬಿಟ್ಟಳು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ನಾನು ಮಸ್ಕತ್‌ನ ನಿಲ್ದಾಣದಲ್ಲಿ ದೊಡ್ಡ ಹೊಟ್ಟೆ ಹೊತ್ತು ಕಾಯುತ್ತ ನಿಂತಿದ್ದೆ. ಹೊರಗೆ ಬಂದವರೆಲ್ಲ ತಮಗಿಂತ ಎತ್ತರದ ಸಾಮಾನಿನ ಗಾಡಿ ತಳ್ಳುತ್ತ ಬಂದರು. ಕೊನೆಗೆ ಅತ್ತಿ, ಸಂತೆ ಮುಗಿಸಿ ಮನೆಗೆ ಹೊರಟವಳಂತೆ ಕೈ ಬೀಸುತ್ತ ಬಂದಳು.

“ಸಾಮಾನು ಎಲ್ಲೆ ಅತ್ತಿ?”

“ನಾ ಬಂದೇನಲ್ಲ.”

“ಅವ್ವನ ಕೌದಿ?”

ಅತ್ತಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. “ತಂದಿಲ್ಲ. ಮನೀಗೆ ನಡಿ.”

ನಾನು ಆ ಕೈಯನ್ನು ಸರಿಸಿದೆ. ಏನು ಬೇಡವೆಂದರೂ ಅದೊಂದನ್ನು ತರಬಹುದಿತ್ತಲ್ಲ! ದಾರಿಯಲ್ಲಿ ಮಾತಾಡಲಿಲ್ಲ, ಮನೆಯಲ್ಲೂ ಮಾತಾಡಲಿಲ್ಲ. ನಮ್ಮ ಮನೆಯವರು ನಡುವೆ ಸಿಕ್ಕಿ, “ಅತ್ತೀ, ಚಹಾ ತಗೊಳ್ರಿ” ಎಂದು ಆಕೆಗೆ, “ಏ, ಮಾತಾಡಬಾರದೇನು?” ಎಂದು ನನಗೆ ಹೇಳುತ್ತ ಬೆವರಿದರು.

ಅತ್ತಿ ಬೆವರಲಿಲ್ಲ. ಮರುದಿನ ಬೆಳಿಗ್ಗೆ ಮೆಟ್ಟಿಲಿಳಿದು ಹೋದಳು. ಕೆಳಗಿನ ಮನೆಯಲ್ಲಿ ಒಬ್ಬ ಬಲೂಚಿ ಹೆಂಗಸು ಇದ್ದಳು. ಬಂದಾಗಿನಿಂದ ನಾನು ಆಕೆಯ ಜೊತೆ ಒಂದು ಮಾತೂ ಆಡಿರಲಿಲ್ಲ, ಭಾಷೆ ಬಾರದಲ್ಲ? ಅತ್ತಿಗೆ ಭಾಷೆ ಅಡ್ಡ ಬರಲಿಲ್ಲ. ಹೊಟ್ಟೆ ತೋರಿಸಿ, ಕೂಸು ತೂಗಿ, ಉಂಡಿ ಕಟ್ಟಿ, ಎಲ್ಲವನ್ನೂ ಕೈಯಲ್ಲೇ ಹೇಳಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಅಂಟು ಬಂತು, ಖರ್ಜೂರ ಬಂತು, ಬಾದಾಮಿ ಬಂತು. ಮರುದಿನ ತೊಟ್ಟಿಲು. ಯಾವುದೋ ಗುಜರಾತಿಯವರ ಮನೆಯಿಂದ ಜೋಳದ ಹಿಟ್ಟೂ ಬಂತು! ಮಸ್ಕತ್‌ನ ಆ ಕಟ್ಟಡವನ್ನು ಅತ್ತಿ ಮೂರು ದಿನಗಳಲ್ಲಿ ಕಿತ್ತೂರು ಮಾಡಿಬಿಟ್ಟಿದ್ದಳು. ಯಾವ ಮನೆಯ ಬಾಗಿಲು ತೆರೆದರೂ ಆಕೆಗೆ ಒಂದು ಚಹಾ.

ಒಂದು ದಿನ ಆ ಬಲೂಚಿ ಹೆಂಗಸು ತಾನೇ ಮೇಲೆ ಬಂದಳು. ಕೈಯಲ್ಲಿ ಮಡಿಸಿದ ಒಂದು ಹೊದಿಕೆ. ಬಿಚ್ಚಿ ತೊಟ್ಟಿಲ ಮೇಲೆ ಹಾಸಿದಳು. ಹಳೆಯ ಬಟ್ಟೆಗಳ ತುಂಡು, ನಡುವೆ ಸಾಲುಸಾಲು ದಾರದ ಹೊಲಿಗೆ, ಅಂಚಿಗೆ ಕೆಂಪು ಪಟ್ಟಿ. ನೋಡಿದರೆ ನಮ್ಮ ಕಡೆಯ ಕೌದಿಯೇ. ನಾನು ತೊಟ್ಟಿಲ ಪಕ್ಕ ಕೂತು ಅತ್ತುಬಿಟ್ಟೆ. ಆಕೆ ಗಾಬರಿಯಾಗಿ ನನ್ನನ್ನೂ ಅತ್ತಿಯನ್ನೂ ನೋಡಿದಳು.

ಅತ್ತಿ ಪಕ್ಕದಲ್ಲಿ ಕೂತಳು. ಹೊದಿಕೆಯ ಅಂಚು ಸವರುತ್ತ ಹೇಳಿದಳು:

“ನಿಮ್ಮವ್ವನ ಕೌದಿ ಮನ್ಯಾಗಿಲ್ಲವಾ. ಕಡೀಕ ಆಕಿ ಅದನ್ನ ಬಿಡಲೇ ಇಲ್ಲ. ‘ಅಲ್ಲೆ ಒಳಗ ಥಂಡಿ ಇರ್ತೈತಿ, ಇದನ್ನ ಹೊಚ್ಚರಿ’ ಅಂದಿದ್ಲು. ಹೊಚ್ಚೇ ಮಣ್ಣು ಕೊಟ್ಟೀವಿ. ನಿಮ್ಮಪ್ಪಗ ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ. ನನಗೂ ಆ ದಿನ ಬರಲಿಲ್ಲ.”

ನಾನು ಆಕೆಯ ತೊಡೆಯ ಮೇಲೆ ತಲೆಯಿಟ್ಟೆ. ನಾನು ನೋಡದೆ ಹೋದ ಅವ್ವನ ಕೊನೆಯ ದಿನಗಳನ್ನು ಅತ್ತಿ ಅಂದು ಒಂದೊಂದಾಗಿ ಹೇಳಿದಳು. ಯಾವ ಹೊತ್ತಿಗೆ ಗಂಜಿ ಕುಡಿದಳು, ಯಾರು ಬಂದರೆ ನಕ್ಕಳು, ನನ್ನ ಹೆಸರು ಹಿಡಿದು ಹೇಗೆ ಕರೆದಳು. ಬಲೂಚಿ ಹೆಂಗಸು ಏನೂ ತಿಳಿಯದೆ, ಎಲ್ಲ ತಿಳಿದವಳಂತೆ, ನನ್ನ ಕಾಲು ಒತ್ತುತ್ತ ಕೂತಿದ್ದಳು.

ಆ ವಾರವೇ ನನ್ನ ಕಾಲು, ಮುಖ ಬಾತುಕೊಂಡವು. ರಕ್ತದೊತ್ತಡ ಏರಿತ್ತು. ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು ಎಂದು ನಮ್ಮ ಮನೆಯವರು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಕೂಸು ಗಾಜಿನ ಪೆಟ್ಟಿಗೆಯಲ್ಲಿ, ನಾನು ಜ್ವರ ಹಿಡಿದು ಇನ್ನೊಂದು ಕೋಣೆಯಲ್ಲಿ. ಉಸಿರಾಡುವುದನ್ನು ನಡುನಡುವೆ ಮರೆಯುತ್ತದೆ ಎಂದರು. ಯಂತ್ರ ಕೂಗುತ್ತದೆ, ನರ್ಸು ಓಡಿಹೋಗಿ ಪಾದ ತಟ್ಟುತ್ತಾಳೆ, ಮತ್ತೆ ಉಸಿರು ಬರುತ್ತದೆ.

ಕೆಲವು ದಿನ ಕಳೆದ ಮೇಲೆ ಡಾಕ್ಟರು, ಮನೆಯವರು ಯಾರಾದರೂ ಕೂಸನ್ನು ಎದೆಗೆ, ಮೈಗೆ ಮೈ ತಾಗುವಂತೆ ಹಿಡಿದು ಕೂರಬೇಕು ಎಂದರು. ಮೈಯ ಬಿಸಿಗೆ, ಎದೆಯ ಬಡಿತಕ್ಕೆ ಕೂಸು ಉಸಿರು ಕಲಿಯುತ್ತದಂತೆ. ನನಗೆ ಜ್ವರ ಬಿಟ್ಟಿರಲಿಲ್ಲ. ಅತ್ತಿ ಆಗಲೇ ಕುಪ್ಪಸದ ಗುಂಡಿ ಬಿಚ್ಚುತ್ತಿದ್ದಳು.

ಮಲಯಾಳಿ ನರ್ಸು ಅಡ್ಡ ಬಂದಳು. ಕೊರಳಿನದೆಲ್ಲ ತೆಗೆಯಬೇಕು. ಅತ್ತಿ ತಲೆಯಾಡಿಸಿದಳು. ಲಿಂಗವನ್ನು ಮೈಯಿಂದ ಇಳಿಸುವಂತಿಲ್ಲ, ಸತ್ತ ಮೇಲೂ ಇಲ್ಲ. ನರ್ಸು ಹಿಂದಿಯಲ್ಲಿ, ಅತ್ತಿ ಕನ್ನಡದಲ್ಲಿ, ಇಬ್ಬರೂ ಜಗ್ಗಲಿಲ್ಲ. ನಡುವೆ ನಮ್ಮ ಮನೆಯವರು ಮತ್ತೆ ಬೆವರುತ್ತಿದ್ದರು. ಕೊನೆಗೆ ಅತ್ತಿಯೇ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ದಾರ ಸಮೇತ ಬೆನ್ನಿಗೆ ಸರಿಸಿದಳು.

“ಶಿವಾ, ಸ್ವಲ್ಪ ಹಿಂದ ಕುಂಡ್ರಪಾ. ಇಲ್ಲೆ ಕೂಸು ಬರೂದೈತಿ.”

ನರ್ಸಿಗೆ ಆ ಮಾತು ತಿಳಿಯಿತೋ ಇಲ್ಲವೋ, ಆಕೆ ಸುಮ್ಮನೆ ಕೂಸನ್ನು ತಂದು ಅತ್ತಿಯ ಎದೆಯ ಮೇಲಿಟ್ಟು ಸೆರಗು ಹೊದಿಸಿದಳು.

ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದಾಗ ಅತ್ತಿ ಅದೇ ಭಂಗಿಯಲ್ಲಿದ್ದಳು. ಬೆನ್ನು ನೆಟ್ಟಗೆ, ಎರಡೂ ಕೈ ಕೂಸಿನ ಕೆಳಗೆ. ಸದಾ ಮಾತಾಡುವವಳು ಉಸಿರೂ ಮೆಲ್ಲಗೆ ಬಿಡುತ್ತಿದ್ದಳು. ಸೆರಗಿನ ಸಂದಿಯಿಂದ ನನ್ನ ಮಗಳ ಬೆರಳಷ್ಟೇ ಕಾಣುತ್ತಿತ್ತು.

“ಕೈ ಸೋತಿರಬೇಕು ಅತ್ತಿ. ಸ್ವಲ್ಪ ಹೊತ್ತು ಪೆಟಗ್ಯಾಗ ಇಡಲಿ.”

ಅತ್ತಿ ನನ್ನತ್ತ ತಿರುಗಲಿಲ್ಲ.

“ರಾಮದುರ್ಗದಾಗ ನನಗೂ ಒಂದು ಹುಟ್ಟಿತ್ತು” ಎಂದಳು. “ಹಿಂಗ, ದಿನಾ ತುಂಬದ. ಹತ್ತಿ ಒಳಗ ಸುತ್ತಿ ದೂರ ಇಟ್ಟಿದ್ರು. ಮುಟ್ಟಬ್ಯಾಡ, ತಡಕೊಳ್ಳಾಂಗಿಲ್ಲ ಅಂದ್ರು. ನಾ ಮುಟ್ಟಲಿಲ್ಲ. ನೋಡಕೋತ ಮಲಗಿದ್ನಿ.”

ನನಗೆ ಇದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಎಂದೂ ಆಡಿದ ಮಾತಲ್ಲ.

“ಹಿಂಗ ಎದಿ ಮ್ಯಾಲೆ ಹಾಕ್ಕೋಬೇಕು ಅಂತ ಆವಾಗ ಯಾರೂ ಹೇಳಲಿಲ್ಲ ನೋಡು. ಹೇಳಿದ್ರ ನಾ ಏಳತಿದ್ದಿಲ್ಲವಾ, ಕುಂತೇ ಇರತಿದ್ನಿ.”

ಆಮೇಲೆ ಆಕೆಗೆ ಕೈ ಸೋತಿತೇ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಬಂದು ಕೂರುತ್ತಿದ್ದಳು, ನರ್ಸು ಎಬ್ಬಿಸುವವರೆಗೂ ಏಳುತ್ತಿರಲಿಲ್ಲ. ನನ್ನ ಜ್ವರ ಇಳಿದ ಮೇಲೆ ನಾವಿಬ್ಬರೂ ಸರದಿಯಲ್ಲಿ ಕೂತೆವು. ನಿಧಾನವಾಗಿ ಯಂತ್ರ ಕೂಗುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ದಿನ ಕೂಸು ಗಟ್ಟಿಯಾಗಿ ಅತ್ತಾಗ ಆ ನರ್ಸೂ ಅತ್ತಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕರು.

ಮಗಳನ್ನು ಮನೆಗೆ ತಂದು ಅರೆಬರೆ ಬಾಣಂತನ ಮುಗಿಯುವಷ್ಟರಲ್ಲಿ ಅತ್ತಿಯ ವೀಸಾ ಮುಗಿಯಿತು. ನಮ್ಮ ಮನೆಯವರು ಒಂದು ದೊಡ್ಡ ಸೂಟ್‌ಕೇಸು ತಂದು ಕಂಬಳಿ, ಅತ್ತರು, ಬ್ಯಾಟರಿ, ಎಲ್ಲ ತುಂಬಿಟ್ಟರು.

“ಇದನ್ನ ಒಯ್ಯಲೇಬೇಕ್ರಿ ಅತ್ತೀ. ಅಳಿಯ ಬರಿಗೈಲೆ ಕಳಿಸ್ಯಾನ ಅಂತ ಊರಾಗಿನ ಮಂದಿ ನಗ್ತಾರ.”

“ಹಂಗಾರ ಒಯ್ತೇನ್ರಿ ಅಳಿಯಂದ್ರ” ಎಂದಳು ಅತ್ತಿ, ಯಾವ ತಕರಾರೂ ಇಲ್ಲದೆ. ನಾವು ಮುಖ ಮುಖ ನೋಡಿಕೊಂಡೆವು. ಒಯ್ದದ್ದೂ ನಿಜ. ಕೆಳಗಿನ ಮನೆಯವರೆಗೆ! ಬಲೂಚಿ ಹೆಂಗಸಿನ ಬಾಗಿಲೊಳಗೆ ಅದನ್ನು ಇಟ್ಟು, ಆಕೆಯನ್ನು ಅಪ್ಪಿಕೊಂಡು, ಅರಿವೆ ಚೀಲ ಹೆಗಲಿಗೇರಿಸಿ ಬಂದು ಕಾರಿನಲ್ಲಿ ಕೂತಳು. ನಿಲ್ದಾಣದಲ್ಲಿ ಕೂಸನ್ನು ನನ್ನ ಕೈಗೆ ಕೊಟ್ಟ ಮೇಲೆ, ತನ್ನ ಕೈಗಳನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ಸೆರಗು ಎಳೆದುಕೊಂಡಳು, ಕೂದಲು ನೇವರಿಸಿಕೊಂಡಳು, ಆಮೇಲೆ ಒಳಗೆ ಹೋದಳು.

ಊರು ಮುಟ್ಟಿದ ಮರುದಿನ ಅಪ್ಪನ ಫೋನು ಬಂತು.

“ಅಕ್ಕ ಬಂದಾಗಿಂದ ಮಾತಾಡವಲ್ಲಳು. ಊಟಾನೂ ನೆಟ್ಟಗ ಮಾಡವಲ್ಲಳು. ಫೋನಿನ ಅಂಗಡಿಗೆ ಕರಕೊಂಡು ಬಂದೇನಿ. ನೀನ ಮಾತಾಡು.”

“ಅತ್ತಿ, ಸುಖರೂಪ ಹೋದಿ? ಯಾಕ ಉಣ್ಣವಲ್ಲಿ?”

“ಕೂಸು?” ಎಂದಳು.

“ಮಲಗೇತಿ.”

“ಎಬ್ಬಸಬ್ಯಾಡ. ಫೋನ್ ಒಯ್ದು ಅದರ ಮೂಗಿನ ಹತ್ರ ಹಿಡಿ.”

ನಾನು ವೈರು ಎಳೆದು, ಫೋನನ್ನು ತೊಟ್ಟಿಲಿನವರೆಗೆ ಒಯ್ದು, ಮಗಳ ಮುಖದ ಹತ್ತಿರ ಹಿಡಿದೆ. ನಿದ್ದೆಯಲ್ಲಿ ಅವಳ ಉಸಿರು ನನಗೇ ಕೇಳಿಸುವಷ್ಟು ಇರಲಿಲ್ಲ. ಇನ್ನು ಬೈಲಹೊಂಗಲಕ್ಕೆ ಏನು ಕೇಳಿಸೀತು? ಆದರೂ ಕೈ ನೋಯುವವರೆಗೆ ಹಿಡಿದೇ ಇದ್ದೆ. ಆಮೇಲೆ ಮೆಲ್ಲಗೆ ಕಿವಿಗೆ ತಂದುಕೊಂಡೆ. ದೂರದಲ್ಲಿ ಬಸ್ಸಿನ ಹಾರ್ನು, ಸವದತ್ತಿ ಸವದತ್ತಿ ಎಂದು ಕೂಗುವ ಕಂಡಕ್ಟರನ ದನಿ. ನಡುವೆ ಅಪ್ಪ ಕೇಳುತ್ತಿದ್ದರು: “ಅಕ್ಕಾ, ಏನೂ ಸಪ್ಪಳಿಲ್ಲಲ್ಲ, ಲೈನ್ ಕಟ್ ಆಗೇತೇನು?”

“ಸುಮ್ಮನಿರೋ ತಮ್ಮಾ” ಎಂದಳು ಅತ್ತಿ. “ಕೇಳಸಾಕತ್ತೇತಿ.”

ನಾನು ಫೋನನ್ನು ಮತ್ತೆ ಮಗಳ ಮೂಗಿನ ಹತ್ತಿರ ಹಿಡಿದೆ.